ಕೆಲಸದ ಗಂಟೆ ಬರೆದಿಡುವ ಆ್ಯಪ್: ಹದಿನಾಲ್ಕು ತಿಂಗಳ ಮೇಲೆ ನನ್ನ 3 ನಕ್ಷತ್ರ

ಮೊದಲೇ ಹೇಳಿಬಿಡುತ್ತೇನೆ, ಆ್ಯಪ್‌ನ ಹೆಸರು ಇಲ್ಲಿ ಬರೆಯುವುದಿಲ್ಲ. ಬೈಗುಳ ಸ್ವಲ್ಪ ಜಾಸ್ತಿ ಇದೆ, ಅದಕ್ಕೆ. ಅಲ್ಲದೆ ಇಂಥವು ಡಜನ್‌ಗಟ್ಟಲೆ ಇವೆ, ನಾನು ನಾಲ್ಕೈದು ಹಾಕಿ ನೋಡಿದ್ದೇನೆ, ಎಲ್ಲದರ ಹುಳುಕೂ ಹೆಚ್ಚುಕಮ್ಮಿ ಒಂದೇ. ಕೆಲಸಕ್ಕೆ ಹೋದಾಗ ಹಸಿರು ಗುಂಡಿ ಒತ್ತಬೇಕು, ಬಿಟ್ಟಾಗ ಕೆಂಪು ಗುಂಡಿ. ವಾರದ ಕೊನೆಗೆ ಎಷ್ಟು ಗಂಟೆ ದುಡಿದಿರಿ, ಎಷ್ಟು ಓಟಿ (ಓವರ್‌ಟೈಮ್, ಅಂದರೆ ಮಿತಿ ಮೀರಿ ದುಡಿದ ಹೊತ್ತು) ಆಯಿತು ಅಂತ ತೋರಿಸುತ್ತದೆ. ಅಷ್ಟೇ ಅದರ ಕೆಲಸ. ಆ ಅಷ್ಟೇ ಕೆಲಸ ನನಗೆ ಬಾಕಿ ಸಂಬಳ ವಾಪಸ್ ತಂದುಕೊಟ್ಟಿತು, ಪೂರ್ತಿ ಅಲ್ಲ, ಬಹುಪಾಲು. ಹಾಗಿದ್ದೂ ಐದು ನಕ್ಷತ್ರ ಯಾಕೆ ಕೊಟ್ಟಿಲ್ಲ ಅಂತ ಮುಂದೆ ಬರೆಯುತ್ತೇನೆ.

ಹಾಕಿಕೊಂಡ ಕಾರಣ ಇದು. ನಾನು ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದೆ. ಕಾಗದದ ಮೇಲೆ ಒಂಬತ್ತರಿಂದ ಆರು. ಆರಕ್ಕೆ ಸರಿಯಾಗಿ ಸೂಪರ್‌ವೈಸರ್ ಬಂದು "ಎಲ್ಲ ಪಂಚ್ ಮಾಡಿಬಿಡಿ" ಅನ್ನುತ್ತಿದ್ದರು. ನಾವು ಸಾಲಾಗಿ ಹೋಗಿ ಪಂಚ್ ಔಟ್ ಮಾಡುತ್ತಿದ್ದೆವು. ಆಮೇಲೆ ವಾಪಸ್ ಬಂದು ನೆಲ ಗುಡಿಸಿ, ಉಳಿದ ಪೆಟ್ಟಿಗೆ ಜೋಡಿಸಿ, ಬೀಗ ಹಾಕಿಸಿಕೊಂಡು ಹೊರಡುತ್ತಿದ್ದೆವು. ಇಪ್ಪತ್ತು ನಿಮಿಷ. ಯಾರಿಗೂ ಅದು ದೊಡ್ಡದು ಅನಿಸಿರಲಿಲ್ಲ, ನನಗೂ ಅನಿಸಿರಲಿಲ್ಲ. ಆ್ಯಪ್ ಹಾಕಿದ ಮೊದಲ ತಿಂಗಳು ಲೆಕ್ಕ ನೋಡಿದೆ: ಇಪ್ಪತ್ತು ನಿಮಿಷ ಗುಣಿಸು 26 ದಿನ, 520 ನಿಮಿಷ, ಅಂದರೆ 8 ಗಂಟೆ 40 ನಿಮಿಷ. ತಿಂಗಳಿಗೆ ಒಂದು ಪೂರ್ತಿ ದಿನಕ್ಕಿಂತ ಜಾಸ್ತಿ ಪುಕ್ಕಟೆ ದುಡಿಯುತ್ತಿದ್ದೆ! ಅದೂ ನಗುನಗುತ್ತಾ.

ಇದರ ಮೇಲೆ ಪಂಚಿಂಗ್ ಯಂತ್ರದ್ದೇ ಒಂದು ಆಟ. ಅದು ಸಮಯವನ್ನು ಹದಿನೈದು ನಿಮಿಷಕ್ಕೆ ಹೊಂದಿಸಿಬಿಡುತ್ತಿತ್ತು. 8:53ಕ್ಕೆ ಬಂದರೆ 9:00 ಅಂತ ಬರೆದುಕೊಳ್ಳುವುದು, 6:07ಕ್ಕೆ ಹೋದರೆ 6:00. ಸರಿ, ಯಂತ್ರ ಹಾಗೇ ಇರಬಹುದು ಅಂದುಕೊಳ್ಳೋಣ. ಆದರೆ 9:04ಕ್ಕೆ ಬಂದ ದಿನ ಅದೇ ಯಂತ್ರ 9:00 ಅಂತ ಬರೆಯಬೇಕಿತ್ತಲ್ವಾ? ಬರೆಯುತ್ತಿರಲಿಲ್ಲ, 9:15 ಅನ್ನುತ್ತಿತ್ತು. ಅಮೆರಿಕದ ನಿಯಮದಲ್ಲಿ ಇಂಥ ಹೊಂದಿಸುವಿಕೆಗೆ ಅವಕಾಶ ಇದೆ, ಆದರೆ ಕಾಲಾಂತರದಲ್ಲಿ ಎರಡೂ ಕಡೆಗೆ ಸಮ ಆಗಬೇಕು, ಕೆಲಸಗಾರನ ಗಂಟೆ ಕಮ್ಮಿ ಬೀಳಬಾರದು ಅಂತ ಷರತ್ತು. ಯಾವಾಗಲೂ ಮಾಲೀಕನ ಕಡೆಗೇ ವಾಲುವ ಗಡಿಯಾರಕ್ಕೆ ಅಲ್ಲೂ ಮಾಫಿ ಇಲ್ಲ.

ಈಗ ಆ್ಯಪ್ ವಿಷಯಕ್ಕೆ ಬರೋಣ.

ಒಳ್ಳೆಯದು ಏನೆಂದರೆ ಗುಂಡಿ ದೊಡ್ಡದಿದೆ, ಫೋನ್ ಲಾಕ್ ತೆಗೆಯದೆ ಒತ್ತಬಹುದು. ಚೀಲ ಒಂದು ಕೈಯಲ್ಲಿ, ಗೇಟ್ ಪಾಸ್ ಇನ್ನೊಂದು ಕೈಯಲ್ಲಿ ಇದ್ದಾಗ ಇದು ಎಷ್ಟು ದೊಡ್ಡ ಅನುಕೂಲ ಅಂತ ಒತ್ತಿದವರಿಗೇ ಗೊತ್ತು. ಪ್ರತಿ ದಿನಕ್ಕೂ ಒಂದು ಟಿಪ್ಪಣಿ ಬರೆಯಲು ಜಾಗ ಇದೆ. ನಾನು ಅಲ್ಲಿ ಚಿಕ್ಕದಾಗಿ ಬರೆಯುತ್ತಿದ್ದೆ: "ಊಟದ ಹೊತ್ತಿಗೆ ಲಾರಿ ಬಂತು, ಬಿಡುವು ಸಿಗಲಿಲ್ಲ", "ಪಂಚ್ ಆದ ಮೇಲೆ ಗುಡಿಸಿದ್ದು 25 ನಿಮಿಷ", "ಜ್ವರ, ರಜೆ". ಆ ಕೊನೆಯ ಟಿಪ್ಪಣಿ ನೆನಪಿಟ್ಟುಕೊಳ್ಳಿ, ಅದರದ್ದೇ ಒಂದು ಕಥೆ ಇದೆ.

ಮೊದಲ ತಕರಾರು ಓಟಿ ಲೆಕ್ಕದ್ದು. ಆ್ಯಪ್ ತೆರೆದ ಕೂಡಲೇ ವಾರಕ್ಕೆ 40 ಗಂಟೆ, ಅದರ ಮೇಲೆ ಒಂದೂವರೆ ಪಟ್ಟು ಸಂಬಳ ಅಂತ ಕೂತಿರುತ್ತದೆ. ಇದು ಅಮೆರಿಕದ 1938ರ ಕಾನೂನಿನ ಲೆಕ್ಕ. ಅಲ್ಲೂ ಶುರುವಿನಲ್ಲಿ 44 ಗಂಟೆ ಇತ್ತು, ಆಮೇಲೆ 42 ಆಯಿತು, 1940ರಲ್ಲಿ 40ಕ್ಕೆ ಇಳಿಯಿತು. ಎಲ್ಲ ಕಡೆ ಇದು ನಡೆಯುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊಟ್ಟಮೊದಲ ಒಪ್ಪಂದ 1919ರದ್ದು, ಅದರಲ್ಲಿ ಕಾರ್ಖಾನೆ ಕೆಲಸಕ್ಕೆ ದಿನಕ್ಕೆ 8, ವಾರಕ್ಕೆ 48 ಗಂಟೆ, ಅದನ್ನು ಮೀರಿದರೆ ಕನಿಷ್ಠ ಒಂದೂಕಾಲು ಪಟ್ಟು. 2025ರವರೆಗೆ ಜಾರಿಯಲ್ಲಿದ್ದ ಭಾರತದ 1948ರ ಕಾರ್ಖಾನೆ ಕಾಯ್ದೆಯಲ್ಲಿ ವಾರಕ್ಕೆ 48, ದಿನಕ್ಕೆ 9, ಮೀರಿದ್ದಕ್ಕೆ ಎರಡು ಪಟ್ಟು ಅಂತ ಇತ್ತು. ಸೆಟ್ಟಿಂಗ್ ಒಳಗೆ ಹೋದರೆ ಬದಲಾಯಿಸಬಹುದು, ನಿಜ. ಆದರೆ ದಿನದ ಮಿತಿ ಹಾಕಲು ಜಾಗವೇ ಇಲ್ಲ, ವಾರದ್ದು ಮಾತ್ರ. ಒಂದು ದಿನ ಹನ್ನೆರಡು ಗಂಟೆ ದುಡಿಸಿ ಮಾರನೇ ದಿನ ಬೇಗ ಕಳಿಸಿದರೆ ವಾರದ ಲೆಕ್ಕ ಸಮ ಆಗಿಬಿಡುತ್ತದೆ, ದಿನದ ಓಟಿ ಮಾಯ. ದಿನದ ಮಿತಿ ಇರುವ ಕಡೆ ಕೆಲಸ ಮಾಡುವವರು ಈ ಆ್ಯಪ್‌ನ ಓಟಿ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಬಂದ ಹೊತ್ತು, ಹೋದ ಹೊತ್ತು, ಇವೆರಡನ್ನು ಮಾತ್ರ ನಂಬಿ, ಉಳಿದದ್ದು ಕಾಗದದ ಮೇಲೆ ನೀವೇ ಹಾಕಿ.

"ನಿಮ್ಮ ಹಕ್ಕುಗಳು" ಅಂತ ಒಂದು ಪುಟವನ್ನೂ ಇಟ್ಟಿದ್ದಾರೆ. ಸುಮ್ನೆ ಇಟ್ಟಿದ್ದಾರೆ. ನಾಲ್ಕು ಸಾಲು, "ಸಮಸ್ಯೆ ಇದ್ದರೆ ವಕೀಲರನ್ನು ಕಾಣಿ" ಅಂತ ಮುಗಿತಾಯ. ಇಷ್ಟು ಹೇಳೋಕೆ ಪುಟ ಯಾಕೆ?

ಆ ಪುಟದಲ್ಲಿ ಇರಬೇಕಾದ ಮೊದಲ ಮಾತು ನನಗೆ ತುಂಬಾ ತಡವಾಗಿ ಗೊತ್ತಾಯಿತು: ಗಂಟೆಯ ಲೆಕ್ಕ ಇಡುವುದು ಮೂಲತಃ ಮಾಲೀಕನ ಜವಾಬ್ದಾರಿ. ನಮ್ಮದಲ್ಲ. ಅವನು ಇಟ್ಟಿಲ್ಲ ಅಥವಾ ತಪ್ಪು ಇಟ್ಟಿದ್ದಾನೆ ಅಂದರೆ ಅದರ ಲಾಭ ಅವನಿಗೇ ಸಿಗಬಾರದು, ಅಲ್ವಾ? ಇದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1946ರಲ್ಲೇ ಹೇಳಿದೆ, ಮೌಂಟ್ ಕ್ಲೆಮೆನ್ಸ್ ಅನ್ನುವ ಊರಿನ ಪಿಂಗಾಣಿ ಕಾರ್ಖಾನೆಯ ಕೆಲಸಗಾರರ ಕೇಸಿನಲ್ಲಿ. ಮಾಲೀಕನ ದಾಖಲೆ ಸರಿ ಇಲ್ಲದಿದ್ದರೆ ಕೆಲಸಗಾರ ನಿಮಿಷ ನಿಮಿಷದ ಲೆಕ್ಕ ಕೊಡಬೇಕಿಲ್ಲ, ಇಷ್ಟು ದುಡಿದಿರಬಹುದು ಅಂತ ನ್ಯಾಯವಾಗಿ ಊಹಿಸಲು ಸಾಕಾಗುವಷ್ಟು ಸಾಕ್ಷಿ ಕೊಟ್ಟರೆ ಸಾಕು, ಆಮೇಲೆ ಅದು ಸುಳ್ಳು ಅಂತ ತೋರಿಸುವ ಹೊರೆ ಮಾಲೀಕನ ಮೇಲೆ. ಯುರೋಪಿನಲ್ಲಿ 2019ರ ಮೇ 14ರಂದು ಅಲ್ಲಿನ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಸ್ಪೇನಿನ ಒಂದು ಕಾರ್ಮಿಕ ಸಂಘ ಡಾಯ್ಚ ಬ್ಯಾಂಕಿನ ಮೇಲೆ ಹಾಕಿದ್ದ ಕೇಸದು. ದಿನದಿನದ ಕೆಲಸದ ಹೊತ್ತನ್ನು ಅಳೆಯುವ, ನಂಬಬಹುದಾದ, ಕೆಲಸಗಾರನ ಕೈಗೂ ಸಿಗುವ ವ್ಯವಸ್ಥೆಯನ್ನು ಮಾಲೀಕರೇ ಮಾಡಬೇಕು ಅಂತ ತೀರ್ಪು ಬಂತು. ಭಾರತದ 2019ರ ವೇತನ ಸಂಹಿತೆಯಲ್ಲೂ ಸಂಬಳ ಕೊಟ್ಟಿಲ್ಲ ಅಥವಾ ಕಮ್ಮಿ ಕೊಟ್ಟಿದ್ದಾರೆ ಅಂತ ದೂರು ಹೋದರೆ, ಕೊಟ್ಟಿದ್ದೇನೆ ಅಂತ ತೋರಿಸುವ ಹೊರೆ ಮಾಲೀಕನದು. ದೂರು ಕೊಡಲು ಮೂರು ವರ್ಷ ಕಾಲಾವಕಾಶ.

ಹಾಗಾದರೆ ಆ್ಯಪ್ ಯಾಕೆ ಬೇಕು ಅಂತ ಕೇಳಬಹುದು. ನಾನೂ ಕೇಳಿಕೊಂಡೆ. ನನ್ನ ಅನುಭವದಲ್ಲಿ ಹೊರೆ ಯಾರದ್ದೇ ಇರಲಿ, ದೂರು ವಿಚಾರಿಸುವ ಅಧಿಕಾರಿಯ ಮೇಜಿನ ಮುಂದೆ ಕೂತಾಗ ಒಬ್ಬನ ಕೈಯಲ್ಲಿ ರಿಜಿಸ್ಟರು ಇದ್ದು ಇನ್ನೊಬ್ಬನ ಕೈಯಲ್ಲಿ ಬರೀ ನೆನಪು ಇದ್ದರೆ ಮಾತು ಯಾವ ಕಡೆ ತೂಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಬಾಕಿ ಸಂಬಳಕ್ಕೆ ನಾನು ದೂರು ಕೊಟ್ಟಾಗ ನಮ್ಮ ಕಂಪನಿಯವರು ಅಲ್ಲಿಗೆ ತಂದ ರಿಜಿಸ್ಟರು ನೋಡಲು ಬಹಳ ಚೆನ್ನಾಗಿತ್ತು. ಎಂಟು ತಿಂಗಳು, ಪ್ರತಿ ದಿನ ಬಂದದ್ದು 9:00, ಹೋದದ್ದು 6:00, ಒಂದೇ ಪೆನ್ನು, ಒಂದೇ ಕೈಬರಹ. ಮೂವತ್ತು ಜನ ಮಳೆ ಬಂದರೂ ಬಸ್ಸು ಕೆಟ್ಟರೂ ಒಂದೇ ನಿಮಿಷಕ್ಕೆ ಒಳಗೆ ಬಂದು ಒಂದೇ ನಿಮಿಷಕ್ಕೆ ಹೊರಗೆ ಹೋಗಿದ್ದರು. ಯಂತ್ರದ ಲೆಕ್ಕ ಎಲ್ಲಿ ಅಂದರೆ "ಸರ್ವರ್ ಕೆಟ್ಟಿತ್ತು". ಅಧಿಕಾರಿ ಮಾತಾಡಲಿಲ್ಲ, ಪುಟ ತಿರುಗಿಸುತ್ತಾ ಹೋದರು. ನನ್ನ ಪಟ್ಟಿಯಲ್ಲಿ 8:52, 8:57, 8:49, ಹೋದದ್ದು 6:24, 6:31, ಒಂದು ದಿನ 7:41. ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳಿಡುತ್ತಾ ಬಂದವರು ಒಂದು ಬುಧವಾರದಲ್ಲಿ ನಿಂತರು. ನನ್ನ ಪಟ್ಟಿಯಲ್ಲಿ ಆ ದಿನ ಖಾಲಿ. ಅವರ ರಿಜಿಸ್ಟರಿನಲ್ಲಿ ನಾನು ಒಂಬತ್ತಕ್ಕೆ ಬಂದು ಆರಕ್ಕೆ ಹೋಗಿದ್ದೇನೆ. ಜ್ವರ ಬಂದು ಮಲಗಿದ್ದ ದಿನ ಅದು, ಅದೇ ತಿಂಗಳ ಪೇ ಸ್ಲಿಪ್‌ನಲ್ಲಿ ಅವರೇ ಆ ದಿನದ ಸಂಬಳ ಕಡಿತ ಮಾಡಿದ್ದರು! ಸಂಬಳ ಕತ್ತರಿಸುವಾಗ ನಾನು ರಜೆ, ರಿಜಿಸ್ಟರಿನಲ್ಲಿ ಹಾಜರ್. ಎಚ್‌ಆರ್ ಕಡೆಯಿಂದ ಬಂದಿದ್ದ ಹುಡುಗ ನೀರು ಕುಡಿಯೋಕೆ ಎದ್ದುಹೋದ.

ಇಲ್ಲೇ ಆ್ಯಪ್ ನನ್ನ ಮಾನ ಕಳೆಯುವುದಿತ್ತು. "ಜ್ವರ, ರಜೆ" ಅಂತ ಕನ್ನಡದಲ್ಲಿ ಬರೆದಿದ್ದ ಟಿಪ್ಪಣಿ ಪಿಡಿಎಫ್‌ನಲ್ಲಿ ಏನಾಗಿತ್ತು ಗೊತ್ತಾ? ಆರು ಖಾಲಿ ಚೌಕ. ಎಲ್ಲ ಕನ್ನಡ ಟಿಪ್ಪಣಿಗಳೂ ಚೌಕ ಚೌಕ. ಎಂಟು ತಿಂಗಳ ಕಷ್ಟ ಚದುರಂಗದ ಹಾಸಿನ ಹಾಗೆ ಕಾಣುತ್ತಿತ್ತು. ಫೋನ್ ತೆಗೆದು, ಬುಧವಾರದ ಪುಟ ಹುಡುಕಿ, ಅಧಿಕಾರಿಗೆ ತೋರಿಸಿ, ಆಮೇಲೆ ಸ್ಕ್ರೀನ್‌ಶಾಟ್ ಮುದ್ರಿಸಿ ಕೊಟ್ಟೆ. ಒಂದು ನಕ್ಷತ್ರ ಅಲ್ಲೇ ಬಿತ್ತು.

ಎರಡನೇ ನಕ್ಷತ್ರ ಬಿದ್ದದ್ದು ಕಂಪನಿ ಕಡೆಯವರು ಕೇಳಿದ ಒಂದೇ ಪ್ರಶ್ನೆಗೆ. "ಇದನ್ನು ಯಾವಾಗ ಬೇಕಾದರೂ ತಿದ್ದಬಹುದು ತಾನೇ?" ತಿದ್ದಬಹುದು. ಅದೇ ಈ ಆ್ಯಪ್‌ನ ದೊಡ್ಡ ದೋಷ. ಹೋದ ವರ್ಷದ ಮಂಗಳವಾರವನ್ನು ಈಗ ಬದಲಾಯಿಸಿದರೂ ಎಲ್ಲೂ ಗುರುತು ಉಳಿಯುವುದಿಲ್ಲ, ತಿದ್ದಿದ ದಿನಾಂಕ ಕಾಣುವುದಿಲ್ಲ. ಮೊಬೈಲ್ ಆಟಗಳಲ್ಲೂ ಅಂಕದ ಚರಿತ್ರೆ ಇರುತ್ತದೆ ಮಾರಾಯ್ರೇ, ಇದರಲ್ಲಿ ಇಲ್ಲ. ನನ್ನನ್ನು ಉಳಿಸಿದ್ದು ಒಂದು ಅಭ್ಯಾಸ. ಪ್ರತಿ ಭಾನುವಾರ ಆ ವಾರದ ಪಟ್ಟಿಯನ್ನು ನನ್ನ ಸ್ವಂತ ಇಮೇಲ್‌ಗೆ ನಾನೇ ಕಳಿಸಿಕೊಳ್ಳುತ್ತಿದ್ದೆ. ಇಮೇಲ್‌ನ ತಾರೀಖು ನನ್ನ ಕೈಯಲ್ಲಿ ಇರುವುದಲ್ಲವಲ್ಲ. ಮೂವತ್ತನಾಲ್ಕು ಇಮೇಲ್, ಮೂವತ್ತನಾಲ್ಕು ಭಾನುವಾರ. ಅದನ್ನು ತೋರಿಸಿದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ. ಕಂಪನಿಯ ಇಮೇಲ್‌ಗೆ ಮಾತ್ರ ಕಳಿಸಿಕೊಳ್ಳಬೇಡಿ. ಕೆಲಸದಿಂದ ತೆಗೆದ ಗಳಿಗೆಯೇ ಆ ಪೆಟ್ಟಿಗೆಗೆ ಬೀಗ ಬೀಳುತ್ತದೆ. ಮತ್ತೆ ನಿಮ್ಮ ಪೇ ಸ್ಲಿಪ್, ನಿಮ್ಮ ಶಿಫ್ಟ್ ಪಟ್ಟಿ, ನಿಮಗೆ ಬಂದ ಮೆಸೇಜು, ಇಷ್ಟನ್ನು ಇಟ್ಟುಕೊಳ್ಳಿ ಸಾಕು, ಕಂಪನಿಯ ಬೇರೆ ಕಾಗದಗಳಿಗೆ ಕೈ ಹಾಕಿದರೆ ಉಲ್ಟಾ ನಿಮ್ಮ ಮೇಲೇ ದೂರು ಬರುತ್ತದೆ.

ರಾತ್ರಿ ಪಾಳಿಯವರಿಗೆ ಇನ್ನೊಂದು ಗೋಳಿದೆ. ರಾತ್ರಿ ಹತ್ತಕ್ಕೆ ಹಸಿರು ಒತ್ತಿ ಬೆಳಗ್ಗೆ ಏಳಕ್ಕೆ ಕೆಂಪು ಒತ್ತಿದರೆ ಆ್ಯಪ್ ಅದನ್ನು ಮಧ್ಯರಾತ್ರಿಗೆ ಕಡಿದು ಎರಡು ದಿನ ಮಾಡುತ್ತದೆ. ಮೊದಲ ದಿನ 2 ಗಂಟೆ, ಎರಡನೇ ದಿನ 7 ಗಂಟೆ. ಭಾನುವಾರ ರಾತ್ರಿ ಆದರಂತೂ ಒಂದೇ ಪಾಳಿ ಎರಡು ವಾರಕ್ಕೆ ಹಂಚಿಹೋಗಿ ಓಟಿ ಲೆಕ್ಕ ಹಳ್ಳ ಹಿಡಿಯುತ್ತದೆ. ಎರಡು ತಿಂಗಳು ರಾತ್ರಿ ಪಾಳಿ ಇದ್ದಾಗ ನಾನು ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡೆ. ನಿಜ ಹೇಳಬೇಕೆಂದರೆ ಆ ನೋಟ್‌ಬುಕ್ಕಿಗೆ ಐದು ನಕ್ಷತ್ರ. ಚಾರ್ಜ್ ಬೇಡ, ಕನ್ನಡ ಚೌಕ ಆಗಲ್ಲ, ಫೋನ್ ಒಳಗೆ ಬಿಡದ ಜಾಗಕ್ಕೂ ಹೋಗುತ್ತದೆ. ಪುಟ ಹರಿಯದೆ, ಖಾಲಿ ಸಾಲು ಬಿಡದೆ, ಅವತ್ತಿನದನ್ನು ಅವತ್ತೇ ಬರೆದರೆ ಅದಕ್ಕೂ ಬೆಲೆ ಇದೆ.

ಜಿಪಿಎಸ್ ನೋಡಿ ತಾನಾಗಿಯೇ ಶುರುವಾಗುವ ಸೌಲಭ್ಯವೂ ಇದೆ. ಬ್ಯಾಟರಿ ನುಂಗುತ್ತದೆ, ಗೇಟಿನ ಹೊರಗಿನ ಅಂಗಡಿಗೆ ಹೋದರೂ ಕೆಲಸ ಬಿಟ್ಟೆ ಅಂದುಕೊಳ್ಳುತ್ತದೆ. ಆಫ್ ಮಾಡಿ.

ಯಾವ ಹೊತ್ತು ಕೆಲಸ, ಯಾವುದು ಅಲ್ಲ ಅನ್ನುವುದನ್ನೂ ಆ್ಯಪ್ ಕೇಳುವುದಿಲ್ಲ, ಅದು ನಾವೇ ತಿಳಿದುಕೊಳ್ಳಬೇಕಾದ್ದು. ಇದು ಅಂದುಕೊಂಡಷ್ಟು ಸಲೀಸಲ್ಲ. ಅಮೆರಿಕದಲ್ಲಿ 2005ರ ಒಂದು ತೀರ್ಪು ನೋಡಿ: ಮಾಂಸದ ಕಾರ್ಖಾನೆಯವರು ರಕ್ಷಣಾ ಉಡುಪು ಹಾಕಿಕೊಂಡ ಮೇಲೆ ಕೆಲಸದ ಜಾಗಕ್ಕೆ ನಡೆಯುವ ಹೊತ್ತಿಗೂ ಸಂಬಳ ಕೊಡಬೇಕು ಅಂತ. 2014ರಲ್ಲಿ ಅದೇ ಸುಪ್ರೀಂ ಕೋರ್ಟ್, ಅಮೆಜಾನ್ ಗೋದಾಮುಗಳಲ್ಲಿ ದುಡಿಯುತ್ತಿದ್ದವರ ಕೇಸಿನಲ್ಲಿ, ಪಾಳಿ ಮುಗಿದ ಮೇಲೆ ಕಳ್ಳತನ ತಪಾಸಣೆಗೆ ಸಾಲು ನಿಲ್ಲುವ ಹೊತ್ತಿಗೆ ಆ ಕಾನೂನಿನಡಿ ಸಂಬಳ ಇಲ್ಲ ಅಂದಿತು. ಮಾಲೀಕನಿಗಾಗಿ ಮಾಲೀಕನದೇ ಸಾಲಿನಲ್ಲಿ ನಿಲ್ಲಬೇಕು, ಕಾಸು ಮಾತ್ರ ಇಲ್ಲ! ನನಗಂತೂ ಇದು ಇವತ್ತಿಗೂ ಅರಗುವುದಿಲ್ಲ. ಹಾಗಾಗಿ ನಾನು ಟಿಪ್ಪಣಿಯಲ್ಲಿ ಗುಡಿಸಿದ್ದು ಬೇರೆ, ಚೀಲ ತಪಾಸಣೆ ಬೇರೆ ಅಂತ ಬರೆದೆ. ಒಂದು ಬಿದ್ದುಹೋದರೂ ಇನ್ನೊಂದು ನಿಲ್ಲಲಿ ಅಂತ. ಕೊನೆಗೆ ಆದದ್ದೂ ಹಾಗೇ, ಗುಡಿಸಿದ ಹೊತ್ತಿಗೆ ದುಡ್ಡು ಬಂತು, ತಪಾಸಣೆಯದ್ದು ಬಿಟ್ಟುಕೊಟ್ಟೆ.

ಆ್ಯಪ್‌ನಿಂದ ಏನೂ ಆಗದ ಎರಡು ವಿಷಯ ಇವೆ, ಅದನ್ನೂ ಹೇಳಿಬಿಡುತ್ತೇನೆ. ಒಂದು, "ನೀವು ಸೂಪರ್‌ವೈಸರ್, ನಿಮಗೆ ಓಟಿ ಇಲ್ಲ" ಅನ್ನುವ ಮಾತು. ನನ್ನ ಜೊತೆಯವನೊಬ್ಬನಿಗೆ ಲೀಡ್ ಅಂತ ಹೆಸರು ಕೊಟ್ಟು, ಕೊರಳಿಗೆ ಬೇರೆ ಬಣ್ಣದ ಪಟ್ಟಿ ಹಾಕಿ, ಓಟಿ ನಿಲ್ಲಿಸಿದ್ದರು. ಅವನು ದಿನವಿಡೀ ಹೊರುತ್ತಿದ್ದದ್ದು ನಮ್ಮಂಥದ್ದೇ ಪೆಟ್ಟಿಗೆ. ಕಾರ್ಮಿಕ ಕಾನೂನುಗಳಲ್ಲಿ ಸಾಮಾನ್ಯವಾಗಿ ನೋಡುವುದು ನಿಜವಾಗಿ ಮಾಡುವ ಕೆಲಸ ಯಾವುದು ಅಂತ, ಬಾಗಿಲ ಮೇಲಿನ ಹೆಸರಿಗೆ ಅಷ್ಟು ಬೆಲೆ ಇಲ್ಲ. ಇನ್ನೊಂದು, ಸೇರುವಾಗ ಸಹಿ ಹಾಕಿಸಿಕೊಳ್ಳುವ "ಓಟಿ ಕೇಳುವುದಿಲ್ಲ" ಅನ್ನುವ ಸಾಲು. ಅದಕ್ಕೆ ಹೆದರಿ ಎಷ್ಟೋ ಜನ ಬಾಯಿಮುಚ್ಚಿಕೊಂಡಿರುತ್ತಾರೆ. ಭಾರತದ 1936ರ ವೇತನ ಪಾವತಿ ಕಾಯ್ದೆಯಲ್ಲೇ ಹಕ್ಕು ಬಿಟ್ಟುಕೊಡುವ ಅಂಥ ಕರಾರು ಅನೂರ್ಜಿತ ಅಂತ ಇತ್ತು, ಅಮೆರಿಕದಲ್ಲೂ 1945ರಿಂದ ಅದೇ ಮಾತು. ಸಹಿ ಹಾಕಿದ್ದೀರಿ ಅಂತ ಕಾನೂನು ಮುಗಿದುಹೋಗುವುದಿಲ್ಲ.

ದೂರು ಕೊಟ್ಟ ಮೇಲೆ ನನ್ನ ಪಾಳಿ ಕಡಿಮೆಯಾಯಿತು. ವಾರಕ್ಕೆ ಆರು ದಿನ ಇದ್ದದ್ದು ನಾಲ್ಕು, ಆಮೇಲೆ ಮೂರು. ಯಾರೂ ಬೈಯಲಿಲ್ಲ, ಪಟ್ಟಿಯಲ್ಲಿ ಹೆಸರು ಇರುತ್ತಿರಲಿಲ್ಲ ಅಷ್ಟೆ. ಇಲ್ಲಿ ಆ್ಯಪ್ ಪುನಃ ಕೆಲಸಕ್ಕೆ ಬಂತು. ದೂರಿನ ಹಿಂದಿನ ಎಂಟು ವಾರ, ದೂರಿನ ನಂತರದ ಎಂಟು ವಾರ, ಎರಡರ ಗ್ರಾಫ್ ನೋಡಿದರೆ ಕುರುಡನಿಗೂ ಕಾಣುವಂತಿತ್ತು. ಸೇಡು ತೀರಿಸಿಕೊಳ್ಳುವುದು ಬೇರೆಯದೇ ತಪ್ಪು, ಬಹಳ ಕಡೆ ಅದಕ್ಕೆ ಪ್ರತ್ಯೇಕ ದೂರು ಹೋಗುತ್ತದೆ. ಬರೆದು ಕೊಟ್ಟಿಲ್ಲ, ಬಾಯಲ್ಲಿ ಹೇಳಿದ್ದು ಅಂತ ಹಿಂಜರಿಯಬೇಡಿ. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂದದ್ದು ಪಂಚಿಂಗ್ ಗಡಿಯಾರ ಇಟ್ಟ ಜಾಗವೇ ಸರಿ ಇಲ್ಲ, ಉಡುಪು ಹಾಕುವ ಹೊತ್ತು ಲೆಕ್ಕಕ್ಕೆ ಸಿಗುತ್ತಿಲ್ಲ ಅಂತ ಬಾಯಿಮಾತಿನಲ್ಲಿ ದೂರಿದ ಕೆಲಸಗಾರನ ಕೇಸು, ಬಾಯಿಮಾತಿನ ದೂರಿಗೂ ರಕ್ಷಣೆ ಇದೆ ಅಂತ ತೀರ್ಪಾಯಿತು. ಆದರೂ ಹೇಳಿದ ದಿನ, ಹೊತ್ತು, ಯಾರಿಗೆ ಹೇಳಿದಿರಿ, ಯಾರು ಪಕ್ಕದಲ್ಲಿದ್ದರು, ಇಷ್ಟನ್ನು ಆ ದಿನದ ಟಿಪ್ಪಣಿಯಲ್ಲಿ ಹಾಕಿ.

ಅವಧಿಯನ್ನೂ ಮರೆಯಬೇಡಿ. ಅಮೆರಿಕದ ಕಾನೂನಿನಲ್ಲಿ ಎರಡು ವರ್ಷ, ಮಾಲೀಕ ಬೇಕಂತಲೇ ಮಾಡಿದ್ದರೆ ಮೂರು. ಕೆಲಸ ಬಿಟ್ಟ ದಿನದಿಂದ ಎಣಿಸುತ್ತಾರೆ ಅಂದುಕೊಂಡವರು ಇದ್ದಾರೆ. ಹಾಗಲ್ಲ, ಪ್ರತಿ ಸಂಬಳದ ದಿನಕ್ಕೂ ಅದರದ್ದೇ ಗಡುವು, ನೀವು ಸುಮ್ಮನಿದ್ದ ಪ್ರತಿ ತಿಂಗಳೂ ಹಿಂದಿನ ಒಂದು ತಿಂಗಳು ಕೈಬಿಡುತ್ತದೆ. ಅಲ್ಲಿ ಗೆದ್ದರೆ ಬಾಕಿಯಷ್ಟೇ ಮೊತ್ತ ಮೇಲೆ ಇನ್ನೊಮ್ಮೆ ಸಿಗಬಹುದು. ನನಗೆ ಅಂಥದ್ದೇನೂ ಸಿಗಲಿಲ್ಲ. ರಾಜಿ ಆಯಿತು, ಕೇಳಿದ್ದರಲ್ಲಿ ಮೂರನೇ ಎರಡು ಭಾಗ, ಮೂರು ಕಂತು, ಮೂರನೆಯದು ಹತ್ತೊಂಬತ್ತು ದಿನ ತಡ. ಅದನ್ನೂ ಆ್ಯಪ್‌ನಲ್ಲೇ ಬರೆದಿಟ್ಟೆ, ಅಭ್ಯಾಸ ಬಿಡಲಿಲ್ಲ.

ಹಾಗಾದರೆ ಹಾಕಿಕೊಳ್ಳಬೇಕಾ? ಹಾಕಿಕೊಳ್ಳಿ, ಉಚಿತದ್ದೇ ಸಾಕು. ಕಾಸು ಕೊಟ್ಟು ತೆಗೆದುಕೊಳ್ಳುವ ಆವೃತ್ತಿಯಲ್ಲಿ ಸಿಗುವುದು ಬಣ್ಣಬಣ್ಣದ ಹಿನ್ನೆಲೆ ಮತ್ತು ಆ ಚೌಕಗಳ ಪಿಡಿಎಫ್. ಜೊತೆಗೆ ನೋಟ್‌ಬುಕ್ ಇರಲಿ. ಚೌಕದ ಬಗ್ಗೆ, ಮಧ್ಯರಾತ್ರಿ ಕಡಿಯುವುದರ ಬಗ್ಗೆ, ತಿದ್ದಿದ ಗುರುತಿನ ಬಗ್ಗೆ ಆ್ಯಪ್ ಮಾಡಿದವರಿಗೆ ಬರೆದಿದ್ದೆ. "ಮುಂದಿನ ಅಪ್‌ಡೇಟ್‌ನಲ್ಲಿ ಸರಿಪಡಿಸುತ್ತೇವೆ" ಅಂತ ಮರುದಿನವೇ ಉತ್ತರ ಬಂತು. ಆಮೇಲೆ ಮೂರು ಅಪ್‌ಡೇಟ್ ಬಂದಿವೆ. ಮೂರನೆಯದರಲ್ಲಿ ಹಸಿರು ಗುಂಡಿ ನೀಲಿ ಆಗಿದೆ.